ಹಸೆಗೆ ಮುಂಚೆ ಒಂದು ಬೆಸುಗೆ

ಮದುವೆ ವಿಡಿಯೊ ತೆಗೆಯುವುದು ನನ್ನ ಕೆಲಸ. ನೆಲಮಟ್ಟದ ದೃಶ್ಯ ಬೇಕಾದಾಗ ಕ್ಯಾಮೆರಾವನ್ನು ರಿಮೋಟ್ ಕಾರಿನ ಮೇಲೆ ಕಟ್ಟಿ ಓಡಿಸುತ್ತೇನೆ. ಆಲೂರಿನ ಮದುವೆಯೊಂದರಲ್ಲಿ ಹೊಸ ಬ್ಯಾಟರಿಯ ಪಿನ್ನು ಕಾರಿನ ಪಿನ್ನಿಗೆ ಹೊಂದಲೇ ಇಲ್ಲ. ಎರಡನ್ನೂ ಕತ್ತರಿಸಿ, ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಸುತ್ತಿಬಿಡೋಣವೆಂದು ಕತ್ತರಿ ಎತ್ತಿದೆ.

“ತಡೀರಿ ಅಣ್ಣಾ, ಬಣ್ಣ ನಂಬಬ್ಯಾಡ್ರಿ,” ಅಂದಳು, ಹಸೆಗೆ ಹೋಗಲು ಸಿಂಗರಿಸಿಕೊಂಡು ಕೂತಿದ್ದ ಮದುಮಗಳು.

ಕಾಲೇಜಿನಲ್ಲಿ ಇಂಥ ಕಾರುಗಳನ್ನು ತಾನೇ ಕಟ್ಟಿ ಓಡಿಸಿದವಳಂತೆ. ಗಂಡನ ಮನೆಗೆ ಹೊರಟಿದ್ದ ಟ್ರಂಕಿನಲ್ಲಿ, ಸೀರೆಗಳ ನಡುವೆ, ಮೀಟರ್, ಸಾಲ್ಡರ್ ಕಡ್ಡಿ, ಪಿನ್ನುಗಳ ಡಬ್ಬಿ ಎಲ್ಲ ಇದ್ದವು. ಬ್ಯಾಟರಿಗೆ ಮೀಟರ್ ಹಚ್ಚಿ ತೋರಿಸಿದಳು. ಪ್ಲಸ್ ಇರಬೇಕಾದ ಕೆಂಪು ತಂತಿಯೇ ಮೈನಸ್.

“ಹಂಗ ಕೂಡಿಸಿದ್ರ ಕಾರಿನ ಸರ್ಕ್ಯೂಟ್ ಸುಟ್ಟು ಹೋಗ್ತಿತ್ತು.”

“ಮುಹೂರ್ತ ಮೀರ್ತೈತಿ, ಸೀರಿ ಸುಟ್ಟುಕೊಂಡೀ,” ಎಂದು ತಾಯಿ ಬಡಕೊಳ್ಳುತ್ತಿದ್ದರು. ಇವಳು ಮೆಹೆಂದಿಯ ಕೈಯಲ್ಲಿ ಕಡ್ಡಿ ಹಿಡಿದು, ಬರಿ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಹಾರದಂತೆ ಒಂದರ ಬೆಸುಗೆ ಮುಗಿದ ಮೇಲೇ ಇನ್ನೊಂದನ್ನು ಕತ್ತರಿಸಿ, ಬ್ಯಾಟರಿಗೂ ಕಾರಿಗೂ ಹಳದಿ ಪಿನ್ ಹಾಕಿದಳು. ಅಷ್ಟು ಬಳೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ನಾನು ನೋಡುತ್ತಲೇ ಇದ್ದೆ. ಕ್ಯಾಮೆರಾ ಆನ್ ಮಾಡುವುದೂ ಹೊಳೆಯಲಿಲ್ಲ.

“ಈ ಪಿನ್ನಿನ ಒಂದು ಕಡೆ ಮೂಲಿ ಕೊಯ್ದಂಗೈತಿ ನೋಡ್ರಿ. ಉಲ್ಟಾ ಹಾಕಾಕ ಹೋದ್ರ ಒಳಗ ಹೋಗಂಗಿಲ್ಲ,” ಎಂದು ಕೈ ಒರೆಸಿಕೊಂಡು ಹಸೆಗೆ ನಡೆದಳು.

ಕಾರು ಹಂದರದ ತುಂಬ ಓಡಿತು. ಊಟದ ಹೊತ್ತಿಗೆ ಮದುಮಗ ಬಂದು ಆ ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದ.

“ಆಕಿ ಚಲೋ ಹಾಡ್ತಾಳ ಅಂತ ಅಷ್ಟ ಹೇಳಿದ್ರು ನಮಗ,” ಅಂದ.

ಹಾಡು ನಾನು ಕೇಳಿಲ್ಲ. ಬೆಸುಗೆಯಷ್ಟು ಚೆನ್ನಾಗಿರಲಾರದು ಅಂತ ನನ್ನ ಗುಮಾನಿ.