ಗೋಡೆಯ ಮೇಲಿನ ಟೆನಿಸ್

ಟೆನಿಸ್ ಎಂಬುದನ್ನು ನಾನು ಮೊದಲು ಆಡಿದ್ದು ನಮ್ಮ ಹಿತ್ತಲ ಗೋಡೆಯ ಮೇಲೆ. ಬಲೆ ಕಟ್ಟಿದ ಬಯಲನ್ನಾಗಲಿ, ಬ್ಯಾಟು ಹಿಡಿದ ಆಟಗಾರರನ್ನಾಗಲಿ ನಾನಾಗ ಕಂಡಿರಲಿಲ್ಲ. ಎಂಬತ್ತರ ದಶಕದಲ್ಲಿ, ಆಂಧ್ರದ ಗಡಿಯೂರಾದ ಆದೋನಿಯಲ್ಲಿ, ನಮ್ಮ ಓಣಿಯ ಹುಡುಗಿಯರಿಗೆ ಗೊತ್ತಿದ್ದದ್ದು ಕುಂಟಾಟ, ಆಣೆಕಲ್ಲು, ಮಳೆ ಬಂದ ದಿನ ಚೌಕಾಬಾರ. ಟೆನಿಸ್ ಎಂದರೆ ನಮ್ಮ ಪಾಲಿಗೆ ಒಂದು ಗೇಣಿನಷ್ಟು ಉದ್ದದ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ನಡುವೆ ಕಪ್ಪು ಗಾಜು, ಗಾಜಿನೊಳಗೆ ಅತ್ತಿತ್ತ ಓಡುವ ಒಂದು ನೀಲಿ ಚುಕ್ಕೆ. ಆ ಚುಕ್ಕೆಯೇ ಚೆಂಡು.

ಪೆಟ್ಟಿಗೆ ಪಕ್ಕದ ಮನೆಯ ನನ್ನ ಗೆಳತಿಯದು. ಅವಳ ಅಪ್ಪ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಹೆಂಡತಿಗೆ ಸೀರೆ, ಅತ್ತರು ತರುತ್ತಿದ್ದವರು ಆ ಸಲ ಮಗಳಿಗೆ ಇದನ್ನು ತಂದಿದ್ದರು. ಅವರು ಹೊಳಗುಂದದ ಕಡೆಯ ಮುಸಲ್ಮಾನರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ನಮ್ಮೊಡನೆ ಕನ್ನಡ. ನಾವು ಮಾಧ್ವರು. ಅಪ್ಪ ಹತ್ತಿ ಮಾರುಕಟ್ಟೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮನೆಯ ಆಡಳಿತ ಮಾತ್ರ ಪೂರ್ತಿಯಾಗಿ ಅಜ್ಜಿಯದು. ಎರಡು ಮನೆಗಳ ಹಿತ್ತಲುಗಳ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ ಇತ್ತು, ಮೇಲೆ ಚಪ್ಪಡಿ ಹಾಸಿದ್ದರು.

ಆ ಪೆಟ್ಟಿಗೆಯನ್ನು ಮಾಡಿದವನು ನಮ್ಮ ಗೋಡೆಯನ್ನು ನೋಡಿಕೊಂಡೇ ಮಾಡಿದ್ದನೆಂದು ನಾನು ಬಹಳ ದಿನ ನಂಬಿದ್ದೆ. ಏಕೆಂದರೆ ಅದರ ಗುಂಡಿಗಳು ಎರಡು ತುದಿಗೂ ಇದ್ದವು, ಈ ಕಡೆ ಒಬ್ಬರಿಗೆ, ಆ ಕಡೆ ಒಬ್ಬರಿಗೆ. ಚಪ್ಪಡಿಯ ಮೇಲೆ ಅಡ್ಡಡ್ಡ ಇಟ್ಟರೆ ನಾನು ನಮ್ಮ ಹಿತ್ತಲಲ್ಲಿ, ಅವಳು ಅವರ ಹಿತ್ತಲಲ್ಲಿ ನಿಂತು ಆಡಬಹುದಿತ್ತು. ಚುಕ್ಕೆ ಬರುವ ಸಾಲಿನ ಗುಂಡಿಯನ್ನು ಸರಿಯಾದ ಹೊತ್ತಿಗೆ ಒತ್ತಬೇಕು. ಒತ್ತಿದರೆ ‘ಟಿಕ್’ ಎಂದು ಚೆಂಡು ತಿರುಗಿ ಹೋಗುತ್ತದೆ, ತಪ್ಪಿದರೆ ಪೆಟ್ಟಿಗೆ ಕೊರ್‍ರೆಂದು ನಮ್ಮ ಮಾನ ತೆಗೆಯುತ್ತದೆ. ಒಂದೇ ತೊಂದರೆ, ಆದೋನಿಯ ಬಿಸಿಲಿನಲ್ಲಿ ಗಾಜಿನೊಳಗೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆ ಅವಳು ಒಂದು ಟವಲು ತರುತ್ತಿದ್ದಳು. ಇಬ್ಬರ ತಲೆಯ ಮೇಲೂ ಅದನ್ನು ಹೊದ್ದುಕೊಂಡು, ಹಣೆಗೆ ಹಣೆ ತಾಗುವಷ್ಟು ಬಗ್ಗಿ, ಬೆವರಿಳಿಸುತ್ತ ಆಡುತ್ತಿದ್ದೆವು. ಚೆಂಡು ಬಿಡುವ ಮುಂಚೆ ಅವಳು ಪ್ರತಿ ಸಲವೂ “ಹಾಕ್ಲೇನು?” ಎಂದು ಕೇಳುತ್ತಿದ್ದಳು. ನಾನು ಕೇಳುತ್ತಿರಲಿಲ್ಲ, ಹಾಗೇ ಹಾಕಿಬಿಡುತ್ತಿದ್ದೆ.

ಅಂಕಗಳು ನಮ್ಮ ತಲೆ ಕೆಡಿಸಿದ್ದವು. ಓದಿದ್ದು ತೆಲುಗು ಶಾಲೆಯಲ್ಲಿ ಆದ್ದರಿಂದ ನಮ್ಮ ಎಣಿಕೆಯೆಲ್ಲ ತೆಲುಗಿನದೇ. ಪದಿಹೇನು, ಮುಪ್ಪೈ, ಅಂದರೆ ಹದಿನೈದು, ಮೂವತ್ತು ಎಂದು ಚೆನ್ನಾಗಿ ಹೋಗುತ್ತಿದ್ದ ಲೆಕ್ಕ ಆಮೇಲೆ ನಲಭೈಗೆ, ನಲವತ್ತಕ್ಕೆ, ಬಂದು ನಿಲ್ಲುತ್ತಿತ್ತು. ನಲವತ್ತೈದು ಆಗಬೇಕಲ್ಲ? ತರಗತಿಯಲ್ಲಿ ಲೆಕ್ಕಕ್ಕೆ ನಾನೇ ಮುಂದು. ಹಾಗಾಗಿ ಇದನ್ನು ಸಹಿಸಲು ನನ್ನಿಂದಾಗಲಿಲ್ಲ. ಪೆಟ್ಟಿಗೆ ನನ್ನ ಐದು ಅಂಕ ನುಂಗಿದೆ ಎಂದು ಜಗಳ ತೆಗೆಯುತ್ತಿದ್ದೆ.

“ನಂಗೂ ಐದು ಕಡಿಮಿ ಕೊಟ್ಟೈತಿ. ನಾ ಏನರ ಅಂದ್ನೇನು?” ಎನ್ನುತ್ತಿದ್ದಳು ಅವಳು.

ನಾನು ಸೋತರೆ ಊಟ ಬಿಡುವ ಜಾತಿ. ಎಷ್ಟೋ ಸಲ ಟವಲು ಕಿತ್ತೆಸೆದು ಒಳಗೆ ಹೋಗಿದ್ದೇನೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಖಾಲಿ ಆಟದ ಟಿಕ್ ಟಿಕ್ ಸದ್ದು ಕೇಳಿಸುತ್ತಿತ್ತು. ಅದು ನನ್ನನ್ನು ಕರೆಯಲೆಂದೇ ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಐದು ನಿಮಿಷ ಬಿಗುಮಾನ ತೋರಿಸಿ ಮತ್ತೆ ಹೋಗಿ ನಿಲ್ಲುತ್ತಿದ್ದೆ.

ಅಜ್ಜಿಯ ಬಗ್ಗೆ ಇಲ್ಲಿ ಹೇಳಬೇಕು. ಗಟ್ಟಿ ಮಡಿಯ ಹೆಂಗಸು, ಆದರೆ ಕೆಟ್ಟವಳಲ್ಲ. ಆಚೆ ಮನೆಗೆ ಹೋಗಬೇಡ ಎಂದು ಒಂದು ದಿನವೂ ಅಂದವಳಲ್ಲ. ಹೋಗಿ ಬಂದರೆ ಮಾತ್ರ “ಕೈಕಾಲು ತೊಳಕೊಂಡು, ಲಂಗ ಬದಲಿಸಿ ಒಳಗ ಬಾ” ಎನ್ನುತ್ತಿದ್ದಳು. ಗೆಳತಿ ನಮ್ಮಲ್ಲಿ ನೀರು ಕುಡಿದ ಲೋಟ ಹಿತ್ತಲಲ್ಲೇ ಉಳಿಯುತ್ತಿತ್ತು. ಮೂರು ಸಲ ನೀರು ಕಾಣದೆ ಅದು ಒಳಗೆ ಬರುತ್ತಿರಲಿಲ್ಲ. ಗೆಳತಿ ಇದನ್ನೆಲ್ಲ ನೋಡುತ್ತಲೇ ಬೆಳೆದವಳು. “ನಿಮ್ಮಜ್ಜಿ ನಿನ್ನೂ ಬೂದಿ ಹಾಕಿ ತಿಕ್ಕತಾಳೇನು?” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆ ನಗೆಯ ಅಡಿಯಲ್ಲಿ ಅವಳಿಗೆ ಏನಾದರೂ ಚುಚ್ಚುತ್ತಿತ್ತೇ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ವರ್ಷ ನಾನು ದೊಡ್ಡವಳಾದೆ. ಅಲ್ಲಿಂದ ಮುಂದೆ ತಿಂಗಳಿಗೆ ಮೂರು ದಿನ ಹೊರಗೆ ಕೂಡುವುದು ಶುರುವಾಯಿತು. ಹೊರಗೆ ಎಂದರೆ ಹಿತ್ತಲ ಬಚ್ಚಲಿಗೆ ಅಂಟಿಕೊಂಡ ಕಟ್ಟಿಗೆಯ ಕೋಣೆ. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು, ಒಂದು ಪ್ಲಾಸ್ಟಿಕ್ ಬಕೆಟ್ಟು. ಅಮ್ಮ ಅನ್ನವನ್ನು ಮೇಲಿನಿಂದ ಬಡಿಸಿ ಹೋಗುವಳು. ಮುಟ್ಟಿದ್ದೆಲ್ಲ ಮೈಲಿಗೆ, ಪುಸ್ತಕಕ್ಕೊಂದು ಮಾತ್ರ ಮೈಲಿಗೆಯಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಚಾಪೆ ಬಟ್ಟೆ ತಟ್ಟೆ ಎಲ್ಲ ತೊಳೆದು ಒಳಗೆ ಬರಬೇಕು. ನಾನು ಮುಟ್ಟಿದರೆ ತುಳಸಿ ಬಾಡುತ್ತದೆ, ನಾನು ಹತ್ತಿರ ಸುಳಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ಹೇಳಿದ್ದರು. ಹದಿಮೂರರ ಬುದ್ಧಿ, ಅಕ್ಷರಶಃ ನಂಬಿದ್ದೆ. ನನ್ನ ಕೈಯನ್ನು ನಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದೆ.

ಹಾಗೆ ಮೂರನೆಯ ಸಲವೋ ನಾಲ್ಕನೆಯ ಸಲವೋ ಕೂತಿದ್ದಾಗ ಸುದ್ದಿ ಬಂತು. ಗೆಳತಿಯ ಅಪ್ಪ ಮಸ್ಕತ್ತಿನಲ್ಲಿ ಮನೆ ಹಿಡಿದಿದ್ದಾರೆ, ಕಾಗದಪತ್ರ ಬಂದಿವೆ, ತಾಯಿ ಮಗಳು ಹೊರಡಬೇಕು. ಬೊಂಬಾಯಿ ರೈಲು ಹಿಡಿದು ಅಲ್ಲಿಂದ ವಿಮಾನ. ಹೊರಡುವ ದಿನ ನನ್ನ ನಾಲ್ಕನೆಯ ದಿನದ ಬೆಳಿಗ್ಗೆಯೇ. ಉಳಿದ ಮೂರು ದಿನವೂ ನಾನು ಕಟ್ಟಿಗೆ ಕೋಣೆಯಲ್ಲಿ. ಈ ದಿನಗಳನ್ನು ಎಣಿಸುವ ಅಜ್ಜಿಯ ಕ್ಯಾಲೆಂಡರಿನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ.

ಗೆಳತಿ ಮಾತ್ರ ಎಂದಿನಂತೆ ಗೋಡೆಯ ಹತ್ತಿರ ಬಂದಳು. ನಾನು ಒಂದು ಮಾರು ದೂರ ನಿಂತೆ.

“ಇವತ್ತ ಬ್ಯಾಡ. ನಾ ಹೊರಗ ಕೂತೀನಿ,” ಎಂದೆ.

“ಗೊತ್ತೈತಿ. ನಮ್ಮಲ್ಲಿ ನಮಾಜ್ ಮಾಡಂಗಿಲ್ಲ, ಅಷ್ಟ. ಆಟ ಆಡಬ್ಯಾಡ ಅಂತ ಯಾರೂ ಹೇಳಿಲ್ಲ. ಬಾ ಇಲ್ಲೆ.”

ನಾನು ಅಲುಗಲಿಲ್ಲ. ಅವಳು ಗೋಡೆಯ ಮೇಲೆ ಬಗ್ಗಿ, ನಾನು ಒಂದು ಹೆಜ್ಜೆ ಮುಂದಿಡುವುದನ್ನೇ ಕಾದು, ತೋಳು ಹಿಡಿದು ಎಳೆದಳು. ಟವಲು ತಲೆಯ ಮೇಲೆ ಬಿತ್ತು. ಒಳಗೆ ನೀಲಿ ಚುಕ್ಕೆ, ಅವಳ ಉಸಿರು, ಅವಳ ಹಣೆ. ಆ ಮೂರು ದಿನಗಳಲ್ಲಿ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ. ಅಷ್ಟೂ ಆಟ ನಾನು ಸೋತೆ, ಒಂದು ಸಲವೂ ಸಿಟ್ಟು ಬರಲಿಲ್ಲ. ಇಂದಿಗೂ ಯಾರಾದರೂ ‘ಸ್ನೇಹ’ ಎಂದರೆ ನನಗೆ ನೆನಪಾಗುವುದು ಆ ಬೆವರು ನಾರುವ ಟವಲಿನ ಒಳಗಿನ ಕತ್ತಲೆ.

ಮೂರನೆಯ ದಿನ ಸಂಜೆ ಅವರ ಮನೆಯಲ್ಲಿ ಟ್ರಂಕುಗಳನ್ನು ಕಟ್ಟುತ್ತಿದ್ದರು. ಅವಳು ಓಡಿ ಬಂದು ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟಳು. “ಹೊಸಾ ಸೆಲ್ಲು ಹಾಕೀನಿ. ಇವತ್ತ ನಿನ್ನ ಹತ್ರ ಇರಲಿ, ಒಬ್ಬಾಕಿನ ಏನ್ ಮಾಡ್ತಿ ಅಲ್ಲಿ? ಮುಂಜಾನೆ ಕೊಡು,” ಎಂದಳು. ಪೆಟ್ಟಿಗೆಯನ್ನೇ ಎದುರಾಳಿ ಮಾಡಿಕೊಂಡು ಒಬ್ಬರೇ ಆಡುವುದಕ್ಕೂ ಅದರಲ್ಲಿ ದಾರಿಯಿತ್ತು. ಆಡಿದೆ. ಕಟ್ಟಿಗೆ ಕೋಣೆ ಕತ್ತಲಾಗಿದ್ದರಿಂದ ಟವಲು ಬೇಕಾಗಲಿಲ್ಲ. ನನಗೆ ಅದು ರುಚಿಸಲೂ ಇಲ್ಲ.

ಆಗ ತಲೆಯಲ್ಲಿ ಹುಳ ಹೊಕ್ಕಿತು. ನಾನು ಇಡೀ ಸಂಜೆ ಮುಟ್ಟಿದ್ದನ್ನು ಅವಳು ಹಿಡಿದುಕೊಂಡು ವಿಮಾನ ಹತ್ತುತ್ತಾಳೆ. ಬಾಡುವ ತುಳಸಿ, ಕೆಡುವ ಉಪ್ಪಿನಕಾಯಿ ಕಣ್ಣೆದುರು ಬಂದವು. ನನ್ನ ಮೈಲಿಗೆ ಅಂಟಿಕೊಂಡು ಹೋಗಿ ಅಷ್ಟೆತ್ತರದಲ್ಲಿ ಏನಾದರೂ ಆದರೆ? ಅವಳನ್ನಂತೂ ತೊಳೆಯಲಾರೆ. ಪೆಟ್ಟಿಗೆಯನ್ನಾದರೂ ತೊಳೆಯಬಹುದಲ್ಲ.

ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಬಂದ ಅಜ್ಜಿಯನ್ನು ಬಾಗಿಲ ಈಚೆಯಿಂದಲೇ ಕೇಳಿದೆ. “ಅಜ್ಜಿ, ಪ್ಲಾಸ್ಟಿಕ್ಕಿಗೆ ಮೈಲಿಗಿ ಅದ ಏನು?”

“ಪ್ಲಾಸ್ಟಿಕ್ಕಿಗೇನದ? ಮೂರು ಸಲ ನೀರು ಹಾಕಿ ತೊಳದ್ರ ಆತು,” ಎಂದಳು. ಅವಳ ತಲೆಯಲ್ಲಿದ್ದದ್ದು ನನ್ನ ಬಕೆಟ್ಟು. ನನ್ನ ಕೈಯಲ್ಲಿದ್ದದ್ದನ್ನು ನಾನು ತೋರಿಸಲಿಲ್ಲ. ತೋರಿಸಿದ್ದರೆ ಮೂರು ದಿನದ ಆಟವೆಲ್ಲ ಹೊರಬೀಳುತ್ತಿತ್ತು.

ರೇಡಿಯೋಕ್ಕೆ ನೀರು ತಾಗಿದರೆ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೊಳೆದೆ. ತಲೆಗೆ ನೀರು ಹಾಕಿಕೊಂಡ ಮೇಲೆ ಚಾಪೆ, ಬಟ್ಟೆ, ತಟ್ಟೆ, ಆಮೇಲೆ ಪೆಟ್ಟಿಗೆ. ಒಂದು ಚೊಂಬು, ಎರಡು ಚೊಂಬು, ಮೂರು ಚೊಂಬು. ಒಳ್ಳೆಯದು ಮಾಡುತ್ತಿದ್ದೇನೆಂಬ ಭಾವದಲ್ಲಿ ಗುಂಡಿಗಳ ಸಂದಿಯನ್ನೂ ಬೆರಳು ಹಾಕಿ ತೊಳೆದೆ. ಸೆರಗಿಲ್ಲದ ವಯಸ್ಸು, ಲಂಗದ ಅಂಚಿನಿಂದ ಒರೆಸಿ ಗುಂಡಿ ಒತ್ತಿದೆ. ಗಾಜು ಕಪ್ಪಗೇ ಇತ್ತು. ಮತ್ತೆ ಒತ್ತಿದೆ. ಅಲ್ಲಾಡಿಸಿದರೆ ಒಳಗೆ ನೀರು ಸಳಸಳ ಎಂದಿತು. ಎಳೆಬಿಸಿಲಿಗೆ ಚಪ್ಪಡಿಯ ಮೇಲೆ ಇಟ್ಟು, ಎಂದೂ ಬೇಡದ ದೇವರನ್ನೆಲ್ಲ ಬೇಡಿಕೊಂಡೆ. ಅಷ್ಟರಲ್ಲಿ ಅವರ ಬಾಗಿಲಲ್ಲಿ ಜಟಕಾದ ಗೆಜ್ಜೆ ಸದ್ದು ಕೇಳಿಸಿತು.

ಬೀದಿಗೆ ಓಡಿದೆ. ಅವಳ ಅಮ್ಮ ಆಗಲೇ ಜಟಕಾದಲ್ಲಿ ಕೂತಿದ್ದರು. ನಾನು ಅವರನ್ನು ಖಾಲಾ ಎಂದು ಕರೆಯುತ್ತಿದ್ದೆ. ಗೆಳತಿ ಹೊಸ ಚಪ್ಪಲಿ ಹಾಕಿಕೊಂಡು ಕೆಳಗೆ ನಿಂತಿದ್ದಳು. ಪೆಟ್ಟಿಗೆಯನ್ನು ಅವಳ ಕೈಗಿಟ್ಟೆ. ಅಭ್ಯಾಸಬಲದಿಂದ ಅವಳು ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಪೆಟ್ಟಿಗೆಯ ತಳದಿಂದ ನೀರು ಅವಳ ಅಂಗೈಗೆ ಇಳಿಯಿತು. ಅವಳು ಅಂಗೈ ನೋಡಿದಳು, ನನ್ನ ಒದ್ದೆ ತಲೆ ನೋಡಿದಳು, ಮುಖ ನೋಡಿದಳು.

“ಏನಾತು ಬೇಟಿ?” ಎಂದು ಖಾಲಾ ಮೇಲಿನಿಂದ ಕೇಳಿದರು. “ಕೆಟ್ಟೈತೇನು? ನಿಮ್ಮಪ್ಪ ಅಷ್ಟು ದೂರದಿಂದ ತಂದಿದ್ದು.”

“ಏನಿಲ್ಲಮ್ಮಾ. ಸೆಲ್ಲು ಮುಗದಾವ. ನಾನ ಬಂದ್ ಮಾಡೋದು ಮರ್ತಿದ್ದೆ,” ಎಂದಳು.

ಒದ್ದೆ ಕೈಯನ್ನು ಬೆನ್ನ ಹಿಂದೆ ಕುರ್ತಾಕ್ಕೆ ಒರೆಸಿಕೊಂಡಳು. ‘ಇಲ್ಲ, ನಾನು ತೊಳೆದೆ’ ಎನ್ನಲು ನನಗೆ ಬಾಯಿ ಬರಲಿಲ್ಲ. ಬೈಸಿಕೊಳ್ಳುವ ಭಯ ಅಷ್ಟೇ ಅಲ್ಲ, ಯಾಕೆ ತೊಳೆದೆ ಎಂದು ಖಾಲಾ ಕೇಳಿದರೆ ಜಟಕಾದವನ ಎದುರು ಏನೆಂದು ಹೇಳಲಿ? “ಹೋಗಿ ಬಾ” ಎಂದಷ್ಟೇ ಅಂದೆ. ಅವಳು “ಹೂಂ” ಎಂದಳು. ಎಂದಿನಂತೆ ನಗಲಿಲ್ಲ. ಜಟಕಾ ಸ್ಟೇಶನ್ನಿನ ಕಡೆ ತಿರುಗಿತು.

ಆರು ತಿಂಗಳ ಮೇಲೆ ಅವಳ ಒಂದು ಕಾಗದ ಬಂತು, ತೆಲುಗಿನಲ್ಲಿ. ಅಲ್ಲಿಯ ಬಿಸಿಲು ನಮ್ಮೂರಿನದಕ್ಕಿಂತ ಹೆಚ್ಚು, ಶಾಲೆಯಲ್ಲಿ ಯಾರಿಗೂ ಕನ್ನಡ ಬಾರದು, ಅಜ್ಜಿ ಹೇಗಿದ್ದಾರೆ. ಪೆಟ್ಟಿಗೆಯ ಮಾತೇ ಇರಲಿಲ್ಲ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ತಪ್ಪೊಪ್ಪಿಕೊಳ್ಳದೆ ಬರೆದರೆ ಕಳ್ಳಿ ಎನಿಸುತ್ತಿತ್ತು, ಒಪ್ಪಿಕೊಳ್ಳಲು ನಾಚಿಕೆ. ನಾಳೆ ಬರೆದರಾಯಿತು ಎನ್ನುತ್ತ ವರ್ಷ ಕಳೆಯಿತು. ಮನೆ ಬದಲಿಸುವಾಗ ವಿಳಾಸವಿದ್ದ ಲಕೋಟೆಯೂ ಹೋಯಿತು. ಇಷ್ಟಾದರೂ ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂಬ ಸಮಾಧಾನವಿತ್ತು. ಆಟಿಕೆ ತಾನೇ, ಮಕ್ಕಳ ಕೈಯಲ್ಲಿ ಕೆಡುತ್ತದೆ.

ಆ ಸಮಾಧಾನವೂ ಒಂದು ದಿನ ಹೋಯಿತು. ನಲವತ್ತು ದಾಟಿದ್ದೆ. ಬಾಡಿಗೆ ಮನೆಯ ನೆರೆಯಾಕೆಯ ಸ್ಟೀಲ್ ಡಬ್ಬಿ ಮರಳಿಸಲು ಹೋಗಿದ್ದೆ. ಹೊಳೆಯುವಂತೆ ತಿಕ್ಕಿಯೇ ಒಯ್ದಿದ್ದ ಡಬ್ಬಿಯನ್ನು ಆಕೆ ನನ್ನ ಕಣ್ಣೆದುರೇ ಅಂಗಳದ ನಲ್ಲಿಗೆ ಹಿಡಿದು ತೊಳೆದು ಒಳಗೊಯ್ದರು. ಆಕೆಯ ಕಾರಣ ಏನಿತ್ತೋ ನಾನು ಕೇಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆ ಬೆಳಿಗ್ಗೆ ಬೀದಿಯಲ್ಲಿ ನಿಂತ ಹುಡುಗಿಗೆ ಏನನ್ನಿಸಿರಬೇಕು ಎಂಬುದು ಅಷ್ಟು ವರ್ಷಗಳ ಮೇಲೆ ಮೊದಲ ಸಲ ತಲೆಗೆ ಹೊಕ್ಕಿತ್ತು. ಅವಳು ಕುಡಿದ ಲೋಟವನ್ನು ಮೂರು ಸಲ ತೊಳೆಯುತ್ತಿದ್ದ ಮನೆಯ ಹುಡುಗಿ ನಾನು. ಅವಳು ಕೊಟ್ಟ ಪೆಟ್ಟಿಗೆಯನ್ನು ನೀರು ತೊಟ್ಟಿಕ್ಕುವಂತೆ ತೊಳೆದು ತಂದಿದ್ದೇನೆ. ಅವಳು ಮುಟ್ಟಿದ್ದನ್ನು ಶುದ್ಧ ಮಾಡಿಯೇ ನಾನು ಕೈಯಲ್ಲಿ ಹಿಡಿದೆ ಎಂದಲ್ಲದೆ ಅವಳು ಮತ್ತೇನು ತಿಳಿದುಕೊಳ್ಳಬೇಕಿತ್ತು?

ಹಾಗೆ ತಿಳಿದುಕೊಂಡೇ ಅವಳು ಅಮ್ಮನಿಗೆ ಸುಳ್ಳು ಹೇಳಿ ನನ್ನನ್ನು ಉಳಿಸಿದಳೇ? ಹಾಗೆ ತಿಳಿದುಕೊಂಡೇ ಅಜ್ಜಿಯ ಕ್ಷೇಮ ಕೇಳಿ ಕಾಗದ ಬರೆದಳೇ? ಅದಕ್ಕೆ ಉತ್ತರ ಬಾರದಿದ್ದಾಗ ಅವಳ ಅನುಮಾನ ಗಟ್ಟಿಯಾಗಿರಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ಅವಳನ್ನು ಹುಡುಕಿದೆ. ಆದೋನಿಯಲ್ಲಿ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಹೊಳಗುಂದದಲ್ಲಿ ಅವರ ದೂರದ ನೆಂಟರು ಸಿಕ್ಕರು. ಅವಳಿಗೆ ಮೊಮ್ಮಗಳು ಹುಟ್ಟಿದ್ದಾಳೆಂದು ಕೇಳಿದ್ದೇವೆ, ಈಗ ಎಲ್ಲಿದ್ದಾಳೋ ತಿಳಿಯದು ಎಂದರು. ಏನಾದರೂ ಹೇಳಬೇಕಿತ್ತೇನು ಎಂದು ಅವರು ಕೇಳಿದರು. ಅವರು ಕೊಟ್ಟ ಚಹ ಕುಡಿದು ಮುಗಿಸಿದೆ. ಕೊನೆಗೆ, ಎಂದಾದರೂ ಅವಳ ಸುದ್ದಿ ಸಿಕ್ಕರೆ ಇಷ್ಟು ಹೇಳಿ ಎಂದು ಕೇಳಿಕೊಂಡೆ. ಅವತ್ತು ನಾನು ತೊಳೆದದ್ದು ನನ್ನ ಕೈಯ ಮೈಲಿಗೆಯನ್ನು, ಅವಳದನ್ನಲ್ಲ. ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಎರಡು ಸಲ ಹೇಳಿಸಿಕೊಂಡು, ಮರೆಯುವುದಿಲ್ಲ ಎಂದರು.