ಖಾಲಿ ಮಂಚದಿಂದ ಬಂದ ಮಾತು

ನಾನು ಅಥಣಿಯ ಒಣದ್ರಾಕ್ಷಿ ವ್ಯಾಪಾರಿ. ಮಾಲು ಮಾರುವಾಗ ಒಂದಕ್ಕೆರಡು ಹೇಳಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಇಲ್ಲಿ ನನಗೆ ಮಾರುವುದೇನೂ ಇಲ್ಲ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ನಂಬದಿದ್ದರೆ ಬಿಡಿ... ಇದರಲ್ಲಿರುವ ಎಚ್ಚರಿಕೆಯನ್ನಾದರೂ ಕಟ್ಟಿಕೊಂಡು ಹೋಗಿ.

ಪಕ್ಕದ ಸತ್ತಿ ಊರಿನಲ್ಲಿ ನಮ್ಮ ದ್ರಾಕ್ಷಿ ತೋಟ ನೋಡಿಕೊಳ್ಳುವ ಅಣ್ಣ ಅಣ್ಣಪ್ಪನಿಗೆ ಹೃದಯದ ಆಪರೇಷನ್ ಆಗಿತ್ತು. ಆಸ್ಪತ್ರೆಯ ಹೆಸರು ಬೇಡ. ಐಸಿಯುನಿಂದ ವಾರ್ಡಿಗೆ ತಂದ ದಿನವೇ ಸಂಜೆ ಅವನ ಮಂಚದ ಮೇಲೆ ಎಸಿಯ ನೀರು ತೊಟ್ಟಿಕ್ಕತೊಡಗಿತು. ಅವನ ಯಂತ್ರದ ತಂತಿ ಪಕ್ಕದ ಮಂಚಕ್ಕಷ್ಟೇ ನಿಲುಕುತ್ತಿತ್ತು. ಅಲ್ಲಿದ್ದ ಭರಮಪ್ಪ ಎಂಬವರನ್ನು ಎದುರು ಸಾಲಿಗೆ ಕಳಿಸಿ, ಆ ಮಂಚದಲ್ಲಿ ನಮ್ಮಣ್ಣನನ್ನು ಮಲಗಿಸಿದರು. ಭರಮಪ್ಪ ಹೋದರು, ಮಂಚಕ್ಕೆ ಕಟ್ಟಿದ್ದ ಅವರ ಹೆಸರಿನ ಚೀಟಿ ಮಾತ್ರ ಅಲ್ಲೇ ಉಳಿಯಿತು. ಅಣ್ಣನ ಮಣಿಕಟ್ಟಿನಲ್ಲಿದ್ದ ಹೆಸರಿನ ಪಟ್ಟಿಯನ್ನು ಸಲೈನ್ ಸೂಜಿಗೆ ಅಡ್ಡವೆಂದು ಮೊದಲೇ ಕತ್ತರಿಸಿದ್ದರು.

ಚೀಟಿ ಬದಲಿಸಿ ಎಂದು ಹಗಲಿನ ನರ್ಸಿಗೆ ಹೇಳಿದೆ.

“ಡ್ಯೂಟಿ ಮುಗೀತ್ರಿ ನಮ್ದು. ರಾತ್ರಿಯವ್ರು ಮಾಡ್ತಾರ.”

ರಾತ್ರಿಯವರನ್ನು ಕೇಳಿದರೆ, “ಹಗಲಿನವ್ರು ಏನೂ ಹೇಳಿಲ್ಲಲ್ರಿ!”

ನಾನೇ ಬಿಚ್ಚಹೋದರೆ ಕೈ ಹಚ್ಚಬೇಡಿ ಎಂದು ಗದರಿದರು. ಮೈಯೆಲ್ಲ ಉರಿಯಿತು. ನಮ್ಮ ಧಂದೆಯಲ್ಲಿ ಮೇಲಿನ ಚೀಟಿ ನೋಡಿ ಯಾರೂ ಮಾಲು ಎತ್ತುವುದಿಲ್ಲ. ಡಬ್ಬಿ ಬಿಚ್ಚಿ, ತಳದಿಂದ ಹಿಡಿ ತೆಗೆದು, ಬಾಯಿಗೆ ಹಾಕಿ ನೋಡುತ್ತೇವೆ. ದ್ರಾಕ್ಷಿಗಿರುವ ಎಚ್ಚರ ಮನುಷ್ಯನ ಜೀವಕ್ಕೆ ಬೇಡವೇ?

“ಸಾವಕಾರ್ರ, ಇದು ದವಾಖಾನಿ, ನಿಮ್ಮ ಗೋದಾಮ ಅಲ್ಲ,” ಎಂದು ವಾರ್ಡ್‌ಬಾಯ್ ನಕ್ಕ.

“ಗೋದಾಮ ಆಗಿದ್ರ ಛಲೋ ಇತ್ತಪಾ. ಅಲ್ಲಿ ಇಷ್ಟು ಗೊಂದಲ ಇರಂಗಿಲ್ಲ,” ಎಂದೆ.

ರಾತ್ರಿಯಾಯಿತು. ದೀಪಗಳನ್ನು ಆರಿಸಿ ಒಂದೇ ಒಂದು ಮಂದ ಬೆಳಕು ಬಿಟ್ಟಿದ್ದರು. ಫಿನೈಲಿನ ವಾಸನೆ, ಯಂತ್ರಗಳ ಟಿಕ್... ಟಿಕ್... ಕಿಟಕಿಯ ಮೂಲೆಯ ಮಂಚವೊಂದು ಖಾಲಿ. ಅದರ ಹಾಸಿಗೆ ಮಡಚಿಟ್ಟಿತ್ತು. ನಾನು ಬಾಗಿಲ ಬಳಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ.

ಮೊದಲು ಬಂದದ್ದು ವಾಸನೆ. ಸುಣ್ಣ ಹಚ್ಚಿ ಅಂಗೈಯಲ್ಲಿ ಆಗಷ್ಟೇ ತಿಕ್ಕಿದ ತಂಬಾಕು... ನಿಪ್ಪಾಣಿ ಕಡೆಯ ಘಾಟು. ಮೂಗು ಚುರ್ರೆಂದಿತು. ಈ ವಾರ್ಡಿನಲ್ಲಿ ತಂಬಾಕು?

ಕಣ್ಣು ತೆರೆದೆ. ನರ್ಸು ಅಣ್ಣನ ಮಂಚದ ಬಳಿ ನಿಂತಿದ್ದಳು. ಕಂಬಕ್ಕೆ ರಕ್ತದ ಚೀಲ ತೂಗುಹಾಕಿ, ಕೊಳವೆ ಕೈಯಲ್ಲಿ ಹಿಡಿದು, ಚೀಟಿಯತ್ತ ಬಗ್ಗಿದಳು.

“ಕಾಕಾ, ಭರಮಪ್ಪ ನೀವಽ ಅಲ್ಲೇನ್ರಿ?”

“ಹೌದ್ರಿ,” ಎಂದ ಅಣ್ಣ, ನಿದ್ದೆಗಣ್ಣಿನಲ್ಲಿ.

ನಮ್ಮ ಜನವೇ ಹಾಗೆ. ದವಾಖಾನೆಯಲ್ಲಿ ಏನು ಕೇಳಿದರೂ ಹೌದ್ರಿ. ಅಲ್ಲವೆಂದರೆ ಎದುರು ಮಾತಾಡಿದಂತಾಗುತ್ತದೆ ಎಂಬ ಸಂಕೋಚ.

ಭರಮಪ್ಪನವರಿಗೆಂದು ತಂದ ರಕ್ತ! ಕುರ್ಚಿಯಿಂದ ಎದ್ದೆ. ನಾನು ಬಾಯಿ ಬಿಡುವ ಮೊದಲೇ ಕಿಟಕಿಯ ಮೂಲೆಯಿಂದ ಒಂದು ಒಣ ದನಿ ಬಂತು.

“ಹೆಸರು ಹೇಳು ಅನ್ರಿ ಅವಂಗ...”

ನರ್ಸಿನ ಕೈ ನಿಂತಿತು. “ಕಾಕಾ... ನಿಮ್ಮ ಹೆಸರೇನ್ರಿ?”

“ಅಣ್ಣಪ್ಪರಿ.”

ಅವಳು ಕೊಳವೆಯನ್ನು ಹಿಂದಕ್ಕೆಳೆದುಕೊಂಡಳು. ಮುಖ ಬೆವರಿತ್ತು. ನನ್ನ ಬಳಿ ಬಂದು ಪಿಸುಗುಟ್ಟಿದಳು, “ಅಣ್ಣಾರ, ದೇವರಂಗ ಹೇಳಿದ್ರಿ. ಇಡೀ ವಾರ್ಡಿಗೆ ನಾ ಒಬ್ಬಾಕೀನ ಇದ್ದೀನ್ರಿ...”

“ನಾ ಬಾಯಿ ಬಿಟ್ಟಿಲ್ಲವ್ವಾ.”

ಇಬ್ಬರೂ ಮೂಲೆಯತ್ತ ನೋಡಿದೆವು. ಹಾಸಿಗೆ ಮಡಚಿದಂತೆಯೇ ಇತ್ತು. ಅವಳು ಮತ್ತೆ ಆ ಕಡೆ ತಿರುಗಲಿಲ್ಲ.

ಅಣ್ಣ ಕೈಸನ್ನೆ ಮಾಡಿ ಕರೆದ. “ಆ ಮೂಲ್ಯಾಗಿನ ಮುದುಕ ಯಾರೋ ತಮ್ಮಾ?”

“ಅಲ್ಲಿ ಯಾರೂ ಇಲ್ಲೋ.”

“ಅದಾನಲ್ಲೋ... ನನ್ನ ಕಡೆ ನೋಡಿ, ‘ನಾನೂ ಹೌದ್ರಿ ಅಂದಿದ್ನೆಪಾ’ ಅಂದ.”

ಬೆಳಗ್ಗೆ ಆಡಳಿತದ ಸಾಹೇಬರ ಮುಂದೆ ನಿಂತೆ. ಆ ಹುಡುಗಿಯ ಕೆಲಸ ತೆಗೆಯಿರೆಂದು ಹೋದವನಲ್ಲ. ರಕ್ತ ಏರಿಸುವ ಮುಂಚೆ ಇಬ್ಬರು ನೋಡಲಿ, ರೋಗಿಯ ಬಾಯಿಂದಲೇ ಹೆಸರು ಹೇಳಿಸಲಿ, ಕೈಪಟ್ಟಿ ಕತ್ತರಿಸಿದರೆ ಆಗಲೇ ಇನ್ನೊಂದು ಕಟ್ಟಲಿ ಎಂದೆ. ಕಾಸು ಖರ್ಚಿಲ್ಲದ ಕೆಲಸ.

“ಪೇಶಂಟಿಗೆ ಏನರೆ ಆಗೇತೇನ್ರಿ?”

“ಆಗಿಲ್ಲರಿ, ಆದ್ರ...”

“ಮತ್ತ್ಯಾಕ ತಕರಾರು?”

ಆ ಮಾತು ಇವತ್ತಿಗೂ ನನ್ನ ತಲೆ ಕೆಡಿಸುತ್ತದೆ. ಹೆಣ ಬಿದ್ದರೆ ಮಾತ್ರ ತಪ್ಪು, ಬೀಳದಿದ್ದರೆ ತಪ್ಪೇ ಅಲ್ಲವಂತೆ! ಮೂಲೆಯ ಮಂಚದಲ್ಲಿ ಮೊದಲು ಯಾರಿದ್ದರು ಎಂದು ಕೇಳಿದೆ. ಸಾಹೇಬರು ಫೋನ್ ಎತ್ತಿಕೊಂಡರು.

ಒಂದು ಮಾತು ಹೇಳುತ್ತೇನೆ, ಕೇಳಿ. ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ಹೌದ್ರಿ ಎನ್ನಲು ಬಿಡಬೇಡಿ. ಯಾರು ಬಂದರೂ ತಮ್ಮ ಹೆಸರನ್ನು ತಾವೇ ಹೇಳಲಿ.

ಕೆಲ ವಾರಗಳ ಮೇಲೆ ತಪಾಸಣೆಗೆಂದು ಅಣ್ಣನನ್ನು ಕರೆದೊಯ್ದಿದ್ದೆ. ಹಾಡಹಗಲು. ವಾರ್ಡಿನ ಬಾಗಿಲು ದಾಟುವಾಗ ಒಳಗೆ ಕಣ್ಣು ಹಾಯಿತು. ಮೂಲೆಯ ಮಂಚದಲ್ಲಿ ಹೊಸ ರೋಗಿ, ಅವನೆದುರು ಸೂಜಿ ಹಿಡಿದ ಹೊಸ ನರ್ಸು.

“ನೀವಽ ಅಲ್ಲೇನ್ರಿ ಬಸಪ್ಪ?”

“ಹೌದ್ರಿ.”

ಉಸಿರು ಬಿಗಿಹಿಡಿದು ಕಾದೆ. ಮೂಲೆ ಮಾತಾಡಲಿಲ್ಲ.

“ಹೆಸರು ಹೇಳು ಅನ್ರಿ ಅವಂಗ...”

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಅಣ್ಣ ನನ್ನ ತೋಳು ಹಿಡಿದ.

“ತಮ್ಮಾ... ಅದಽ ದನಿ.”

ನಾನು ತಂಬಾಕು ಮುಟ್ಟಿದವನಲ್ಲ. ಅಂದು ಮನೆಗೆ ಬಂದು ಎಷ್ಟು ಸಲ ತೊಳೆದರೂ, ಅಂಗೈಯಿಂದ ಆ ಘಾಟು ಹೋಗಲಿಲ್ಲ...