ಪೊರಕೆ ಮುಟ್ಟದ ದಿನ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಮೊದಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ಈಗ ಕುಳಿತು ಕೇಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ; ನಾನು ಹೇಳಬೇಕಾದದ್ದೂ ಒಂದಿದೆ.

ಮನೆಯಿಂದ ಯಾರಾದರೂ ಪರವೂರಿಗೆ ಹೊರಟರೆ ಅವರು ತಲುಪುವವರೆಗೆ ಕಸ ಗುಡಿಸಬಾರದೆಂಬುದು ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅವ್ವ ನಡೆಸಿಕೊಂಡು ಬಂದಿದ್ದ ಕಟ್ಟಳೆ. ಹೆಣ ಹೊರಟ ಮೇಲೆ ಮಾತ್ರ ಕೂಡಲೇ ಗುಡಿಸುವುದು. ತಮ್ಮ ಶಿವಣ್ಣನಿಗೆ ಚಾಮರಾಜನಗರದಲ್ಲಿ ರೇಷ್ಮೆ ಇಲಾಖೆಯ ಕೆಲಸ. ಅವನು ಬೆಳಗಿನ ಬಸ್ಸು ಹತ್ತಿದರೆ ಅವ್ವ ಬಿಸಿಲು ಜಗಲಿ ಇಳಿಯುವವರೆಗೆ ಕಾದು ಆಮೇಲೆ ಪೊರಕೆ ಹಿಡಿಯುತ್ತಿದ್ದಳು.

ಐವತ್ತರ ದಶಕದ ಕೊನೆಯಲ್ಲಿ ಅವನು ತರಬೇತಿಗೆಂದು ಲಂಡನ್ನಿಗೆ ಹೊರಟ. ಬೊಂಬಾಯಿ ತಲುಪಿದ್ದೇನೆ, ನಾಳೆ ಬೆಳಿಗ್ಗೆ ವಿಮಾನ ಎಂದು ತಂತಿ ಬಂತು. ಪೊರಕೆಯನ್ನು ಎಷ್ಟು ಹೊತ್ತು ಎತ್ತಿಡಬೇಕೆಂದು ಅವ್ವ ಕೇಳಿದಳು. ನಾನು ಲೆಕ್ಕಕ್ಕೆ ಕುಳಿತೆ. ನಾಲ್ಕೂವರೆ ಸಾವಿರ ಮೈಲಿ. ಗಂಟೆಗೆ ಮುನ್ನೂರು ಮೈಲಿಯಂತೆ ಹದಿನೈದು ಗಂಟೆ. ಕೈರೋ, ರೋಮ್‌ಗಳಲ್ಲಿ ಇಳಿದು ಏಳುವುದೂ ಸೇರಿ ಒಂದು ಹಗಲು, ಒಂದು ರಾತ್ರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ ಎಂದೂ ವಿವರಿಸಿದೆ.

“ಅಲ್ಗೊಂದು ಗಂಟೆ, ಇಲ್ಗೊಂದು ಗಂಟೆ ಅಂತೀಯ. ನಮ್ ಪೊರ್ಕೆ ಯಾವ್ದ ನೋಡ್ಬೇಕ್ಲಾ?” ಎಂದಳು ಅವ್ವ. ನನ್ನ ಹೆಂಡತಿ ಗೌರಿ ನಕ್ಕಳು, ಅವ್ವನೂ ನಕ್ಕಳು. ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ಇಬ್ಬರೂ ಬಿತ್ತನೆಗೆ ಕಡಲೆಕಾಯಿ ಸುಲಿದರು. ಸಿಪ್ಪೆ ನಡುಮನೆಯ ತುಂಬ ಹಾಗೇ ಬಿದ್ದಿತ್ತು. ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋಗಿದ್ದಳು, ನಾನು ಜಗಲಿಯ ಮೇಲಿದ್ದೆ. ಒಳಗೆ ಪೊರಕೆಯ ಸದ್ದು ಕೇಳಿಸಿತು. ಗೌರಿ ಮರೆತಳೇ ಎಂದು ಏಳುವಷ್ಟರಲ್ಲಿ ಹಿತ್ತಲ ಬಾವಿಯ ರಾಟೆ ಕಿರುಗುಟ್ಟಿತು. ಎರಡು ಸದ್ದೂ ಒಟ್ಟಿಗೇ ಕೇಳುತ್ತಿದ್ದವು. ಒಳಗೆ ಹೋದೆ. ನಡುಮನೆ ಹಸನಾಗಿತ್ತು. ಸಿಪ್ಪೆಯೆಲ್ಲ ಬಾಗಿಲ ಬಳಿ ಗುಡ್ಡೆಯಾಗಿತ್ತು. ಪೊರಕೆ ಅವ್ವ ಇಟ್ಟ ಮೂಲೆಯಲ್ಲೇ ಇತ್ತು. ಹಿತ್ತಲಲ್ಲಿ ಗೌರಿ ಇನ್ನೂ ನೀರು ಸೇದುತ್ತಿದ್ದಳು.

ಅವ್ವ ಬಂದವಳು ನೆಲ ನೋಡಿದಳು, ಸೊಸೆಯನ್ನು ನೋಡಿದಳು. ರಾಟೆಯ ಸದ್ದಿನ ವಿಷಯ ಹೇಳಿದೆ. ಹೆಂಡತಿಯ ಪರ ಮಾತಾಡುತ್ತಿದ್ದೇನೆ ಎಂದುಕೊಂಡಳು.

ಮೂರನೆಯ ದಿನ ತಂತಿ ಬಂತು. ಶಿವಣ್ಣ ವಿಮಾನದಲ್ಲೇ ಎದೆನೋವು ಬಂದು ತೀರಿಕೊಂಡಿದ್ದ, ಕೈರೋದಲ್ಲಿ ಇಳಿಸಿದ್ದರು. ಯಾವ ಹೊತ್ತಿನಲ್ಲಿ ಎಂಬುದು ಅದರಲ್ಲಿರಲಿಲ್ಲ. ಆಮೇಲೂ ತಿಳಿಯಲಿಲ್ಲ.

ಅವ್ವ ಗೌರಿಯನ್ನು ಒಂದು ಮಾತೂ ಅನ್ನಲಿಲ್ಲ. ಪೊರಕೆಯನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ. ಸೊಂಟ ಬಾಗಿದರೂ ವರ್ಷಗಟ್ಟಲೆ ತಾನೇ ಗುಡಿಸಿದಳು. ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ಸೊಸೆಯನ್ನು ಹತ್ತಿರ ಕರೆದಳು.

“ದಿಟ ಹೇಳಮ್ಮಿ. ಅವತ್ತು ನೀನಲ್ವ?”

“ನಾನಲ್ಲ ಕಣತ್ತೆ. ನನ್ ಮಕ್ಕಳಾಣೆಗೂ ನಾನಲ್ಲ.”

ಅವ್ವ ಸೊಸೆಯ ಮುಖ ನೋಡಿದಳು. “ಅಂಗಾರೆ ಅವ್ನೇ ಬಂದು ಗುಡಿಸ್ಬುಟ್ಟು ಓಗವ್ನೆ,” ಎಂದಳು. “ನಾವು ಕಾಯ್ಕಂಡ್ ಕೂರದು ಬ್ಯಾಡ ಅಂತ.” ಆಮೇಲೆ ಗೌರಿಯ ಕೈ ಹಿಡಿದುಕೊಂಡು, “ನಾಳಿಕ್ಕೆ ನೀನೇ ಗುಡ್ಸು,” ಎಂದಳು.

ಅವ್ವನ ಮಾತನ್ನು ಒಪ್ಪಲು ನನ್ನಿಂದ ಆಗಿಲ್ಲ. ಬೇರೆ ಏನನ್ನಾದರೂ ಹೇಳಲೂ ಆಗಿಲ್ಲ. ಈಗಲೂ ಮನೆಯಿಂದ ಯಾರಾದರೂ ದೂರ ಹೊರಟರೆ ಗೌರಿ ಪೊರಕೆ ಎತ್ತಿಡುತ್ತಾಳೆ. ಎಷ್ಟು ಹೊತ್ತೆಂದು ನನ್ನನ್ನು ಕೇಳುವುದಿಲ್ಲ. ನಾನೂ ಲೆಕ್ಕ ಹಾಕುವುದಿಲ್ಲ.